ಗಾಡಿ ಮೇಲೆ ಬಂದ ತವರು

ಮಡಿಲಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು. ಹೊಟ್ಟೆಯಲ್ಲಿ ಏಳನೇ ತಿಂಗಳ ಕೂಸು. ಹಿಂದೆ ಮೊಳಕಾಲ್ಮೂರಿನ ಕಲ್ಲುಗುಡ್ಡಗಳು ಒಂದೊಂದಾಗಿ ಕುಳ್ಳಗಾಗುತ್ತಿದ್ದವು. ಮುಂದೆ, ಎಲ್ಲೋ ಬಿಸಿಲಿನಾಚೆ, ಚಳ್ಳಕೆರೆಯಲ್ಲಿ ಸೂರಮ್ಮನ ತವರು ಒಲೆ ಹಚ್ಚಿಕೊಂಡು ಕಾಯುತ್ತಿತ್ತು. ಈ ಸೀಮೆಯ ದಾರಿಗಳು ಮೋಟಾರಿನ ಮುಖವನ್ನೇ ಕಾಣದ ಕಾಲ ಅದು. ಎತ್ತಿನ ಗಾಡಿ ಹೊರಟರೆ ದಾರಿಯೂ ಅದರ ಪಕ್ಕದಲ್ಲೇ ಮೆಲ್ಲಗೆ ನಡೆದು ಬರುತ್ತಿತ್ತಂತೆ.

ಗಾಡಿ ಹೊಡೆಯುತ್ತಿದ್ದವನು ಸೂರಮ್ಮನ ಗಂಡ ಬೊಮ್ಮಲಿಂಗಪ್ಪ. ಹಿಂದೆ ಕೂತು ದಾರಿಯ ಒಂದೊಂದು ಕಲ್ಲಿಗೂ ಮಗನನ್ನು ಬೈಯುತ್ತಿದ್ದವಳು ಅತ್ತೆ ಜುಂಜಮ್ಮ. ಕುಬುಸ ಮುಗಿದ ಮೇಲೆ ಬಸುರಿಯನ್ನು ಕರೆದೊಯ್ಯಲು ತವರಿನವರು ಬರುವುದು ಪದ್ಧತಿ. ಆದರೆ ಸೂರಮ್ಮನ ಅಪ್ಪ ಗಾದ್ರಪ್ಪನ ಎತ್ತು ಕಾಲು ಕುಂಟುತ್ತಿತ್ತು. ಹಾಗಾಗಿ ಬೀಗರೇ ಬಿಟ್ಟು ಬರಲು ಹೊರಟಿದ್ದರು. ಈ ಉಪಕಾರವನ್ನು ಚಳ್ಳಕೆರೆಯಲ್ಲಿ ಯಾರ ಯಾರ ಮುಂದೆ ಹೇಗೆ ಎತ್ತಿ ಆಡಬೇಕೆಂದು ಜುಂಜಮ್ಮ ಮನಸ್ಸಿನಲ್ಲೇ ಹೊಸೆಯುತ್ತಿದ್ದಳು.

“ಲೇ ಬೊಮ್ಮ, ಕಣ್ಣು ದಾರಿ ಮ್ಯಾಲಿಡೋ. ಹಕ್ಕಿ ನೋಡ್ತೀಯಲ್ಲ!”

“ಎತ್ತಿಗೆ ದಾರಿ ಗೊತ್ತೈತೆ ಕಣವ್ವ.”

“ಅದೂ ನಿಜಾನೇ. ನಿನಗಿಂತ ಅದಕ್ಕೇ ಚೆಂದಾಗಿ ಗೊತ್ತೈತೆ.”

ಸೂರಮ್ಮನಿಗೆ ನಗು ಬಂತು. ನಗುತ್ತಿದ್ದ ಹಾಗೇ ಮುಖ ಬಿಳಿಚಿಕೊಂಡಿತು. ಕೂತಲ್ಲೇ ಬೆಚ್ಚನೆಯ ನೀರು ಇಳಿದು ಸೀರೆ, ಹಾಸಿದ್ದ ಹುಲ್ಲು, ಕೆಳಗಿನ ಹಲಗೆ ಎಲ್ಲವೂ ತೊಯ್ದವು. ನೋವಿಲ್ಲ, ಬ್ಯಾನೆಯಿಲ್ಲ. ಬರೀ ನೀರು.

“ಅತ್ತೆ, ಬಸುರಿನ ನೀರು ಹೋಗ್ತೈತೆ,” ಎಂದಳು ಮೆಲ್ಲಗೆ.

ಗಾಬರಿಯಾದರೆ ಜುಂಜಮ್ಮನಿಗೆ ತೆಲುಗು ಬರುತ್ತಿತ್ತು. “ಅಯ್ಯೋ ದೇವುಡಾ!” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಬೊಮ್ಮಲಿಂಗಪ್ಪ ಹಗ್ಗ ಜಗ್ಗಿದ. ಗಾಡಿ ನಿಂತದ್ದು ಬಿ.ಜಿ. ಕೆರೆಯ ಹೊರಗೆ, ಒಂದು ಬೇವಿನ ಮರದ ಎದುರು.

ಮರದ ಕೆಳಗೆ ನಿಂಗಕ್ಕ ಬಿಲ್ಲು ಮೀಟಿ ಕುರಿ ಉಣ್ಣೆ ಹಿಂಜುತ್ತಿದ್ದಳು. ಮುಡಿಯ ತುಂಬ, ಹುಬ್ಬಿನ ತುಂಬ ಉಣ್ಣೆಯ ಎಳೆಗಳು. ಆ ಸುತ್ತಿನಲ್ಲಿ ಕಂಬಳಿ ಬೇಕಾದವರೂ ಅವಳ ಬಾಗಿಲಿಗೇ ಬರುತ್ತಿದ್ದರು, ಹೆರಿಗೆ ಮಾಡಿಸಬೇಕಾದವರೂ ಅವಳ ಬಾಗಿಲಿಗೇ ಬರುತ್ತಿದ್ದರು. ಬಿಲ್ಲು ಕೆಳಗಿಟ್ಟು ಬಂದವಳು ಗಾಡಿ ಹತ್ತಿ, ಸೂರಮ್ಮನ ಹೊಟ್ಟೆಯ ಮೇಲೆ, ಸೀರೆಯ ಮೇಲಿಂದಲೇ, ಅಂಗೈ ಇಟ್ಟು ನೋಡಿದಳು.

“ಎಷ್ಟರಾಗೆ ಐತೆ ತಾಯಿ?”

“ಏಳು ನಡೀತೈತೆ.”

“ಕೂಸು ಆಡ್ತೈತಾ?”

“ಈಗ್ಲೂ ಒದೀತು.”

“ಒದೀಲಿ, ಒದೀಲಿ. ಲೇ ಅಪ್ಪ, ಎತ್ತು ಬಿಚ್ಚು. ಗಾಡಿ ಇಲ್ಲಿಂದ ಒಂದು ಮಾರು ಮುಂದಕ್ಕೆ ಹೋಗಂಗಿಲ್ಲ.”

ಕಂಬಳಿಯ ನಾಲ್ಕು ಮೂಲೆ ಹಿಡಿದು, ತೊಟ್ಟಿಲು ಹೊತ್ತಂತೆ ಹೊತ್ತು, ಸೂರಮ್ಮನನ್ನು ಮಗ್ಗದ ಕೊಟ್ಟಿಗೆಯಲ್ಲಿ ಮಲಗಿಸಿದರು. ಕೊಟ್ಟಿಗೆಯ ಒಂದು ಕಡೆ ಕಂಬಳಿ ಮಗ್ಗ, ಇನ್ನೊಂದು ಕಡೆ ಉಣ್ಣೆಯ ರಾಶಿ, ಮೇಲೆ ಅಲ್ಲಲ್ಲಿ ಆಕಾಶ ಕಾಣುವ ಹುಲ್ಲು ಮಾಡು. ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ.

ನಿಂಗಕ್ಕ ಕೈಗಳನ್ನು ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಉಜ್ಜಿ ತೊಳೆದುಕೊಂಡಳು. ಆಮೇಲೆ ಪಕ್ಕದಲ್ಲಿ ಕೂತು, ಮುಚ್ಚುಮರೆಯಿಲ್ಲದೆ ಹೇಳಿದಳು.

“ನೋಡು ಮಗ, ನೀರಿನ ಚೀಲ ಸೀಳೈತೆ. ಕೂಸು ಈಗ ಬಂದ್ರೆ ಅಂಗೈಯಗಲ ಇರ್ತೈತೆ, ಉಸಿರು ಹಿಡಿಯೋ ಕಸುವು ಇರಲ್ಲ. ಒಳಗಿದ್ದಷ್ಟು ದಿನ ಬಲೀತೈತೆ. ಬ್ಯಾನೆ ಇನ್ನೂ ಬಂದಿಲ್ಲ, ಅದೇ ನಮ್ಮ ಪುಣ್ಯ. ನೀನು ಅಲ್ಲಾಡದೆ ಮಲಗ್ಬೇಕು.”

“ನೀರೆಲ್ಲ ಸೋರಿ ಹೋದ್ರೆ?”

“ಅದು ಒರತೆ ಇದ್ದಂಗೆ. ಸೋರ್ತಾನೂ ಇರ್ತೈತೆ, ಊರ್ತಾನೂ ಇರ್ತೈತೆ. ನೀನು ನೀರು, ಮಜ್ಜಿಗೆ ಚೆಂದಾಗಿ ಕುಡಿ. ಒಳಗೆ ಯಾರೂ ಕೈ ಹಾಕಂಗಿಲ್ಲ, ನಾನೂ ಹಾಕಲ್ಲ. ಕುದಿಸಿ ಒಣಗಿಸಿದ ಬಿಳೀ ಬಟ್ಟೆ ಕೊಡ್ತೀನಿ. ಬಟ್ಟೆ ಮ್ಯಾಗಿನ ನೀರು ತಿಳಿಯಾಗಿರೋ ತನಕ ಕಾಯಾಣ. ಹಸಿರು ತಿರುಗ್ತು, ವಾಸನೆ ಬಂತು, ಇಲ್ಲ ನಿನ್ನ ಮೈ ಸುಡ್ತು ಅಂದ್ರೆ ಕಾಯೋದು ಅಲ್ಲಿಗೆ ಮುಗೀತು. ಆಮ್ಯಾಲೂ ಕಾದ್ರೆ ನಿನ್ನ ಜೀವಕ್ಕೇ ಬರ್ತೈತೆ.”

“ಉಳೀತೈತಾ ನಿಂಗಕ್ಕ?”

“ನಮ್ಮ ಕುರಿ ಹಿಂಗೆ ಮಾಡ್ಕೊಂಡಾಗ ಅಟ್ಟಾಡಿಸಿದ್ರೆ ಮರಿ ಸತ್ತೇ ಬೀಳ್ತೈತೆ. ನೆರಳಾಗೆ ಸುಮ್ನೆ ಬಿಟ್ರೆ ಎಷ್ಟೋ ಸಲ ಉಳಿಸ್ಕಂಡೈತೆ. ಎಷ್ಟೋ ಸಲ ಇಲ್ಲ. ನಿನಗ್ಯಾಕೆ ಸುಳ್ಳು ಹೇಳ್ಲಿ?”

ಸೂರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಒಳಗಿನಿಂದ ಮೆತ್ತಗೆ ಒಂದು ಗುದ್ದು ಬಂತು, ಬಾಗಿಲು ತಟ್ಟಿದಂತೆ. ಬರಬೇಡ, ಇನ್ನೂ ಬರಬೇಡ, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಅವಳು ಆ ಕೂಸಿಗೆ ಹೇಳಿದ ಮೊದಲ ಮಾತು ಅದು.

ಜುಂಜಮ್ಮನಿಗೆ ಮಾತ್ರ ಈ ಕಾಯುವ ಲೆಕ್ಕ ಒಂದು ಚೂರೂ ಹಿಡಿಸಲಿಲ್ಲ.

“ಕುರಿ ಸಂಗ್ತಿ ನಮಗ್ಯಾಕೆ ಹೇಳ್ತೀಯಾ? ಏಳನೇ ತಿಂಗಳಾಗೆ ಹುಟ್ಟಿದ್ದು ಬದುಕ್ಕಂತೈತೆ, ಎಂಟರಾಗೆ ಹುಟ್ಟಿದ್ದು ಕೈಗೆ ಹತ್ತಲ್ಲ. ನಮ್ಮ ಕಡೆ ಯಾರನ್ನ ಬೇಕಾದ್ರೂ ಕೇಳು. ಎಂಟಕ್ಕೆ ಬೀಳೋದ್ರೊಳಗೆ ಹೆರಿಸ್ಬಿಡಾಣ. ಮೆಣಸು, ಬೆಳ್ಳುಳ್ಳಿ, ಹಳೇ ಬೆಲ್ಲ ಹಾಕಿ ಕಷಾಯ ಕಾಸ್ತೀನಿ. ಕುಡಿದು ಸ್ವಲ್ಪ ಹೊತ್ತು ಒನಕೆ ಹಿಡಿದ್ರೆ ಬ್ಯಾನೆ ತಾನಾಗೇ ಓಡಿ ಬರ್ತೈತೆ.”

“ಬ್ಯಾನೆ ಬರ್ತೈತಮ್ಮ. ಕೂಸು ಉಳಿಯಲ್ಲ.”

“ನನ್ನ ಸೊಸೆ. ತವರು ಮುಟ್ಟಿಸೋ ತನಕ ನನ್ನ ಸುಪರ್ದಿನಾಗೆ ಇರೋಳು. ನಾನು ಹೇಳಿದ್ದು ನಡೀಬೇಕು.”

ಕೊಟ್ಟಿಗೆ ನಿಂಗಕ್ಕನದು, ಸೊಸೆ ಅವಳದಲ್ಲವಲ್ಲ. ಬೊಮ್ಮಲಿಂಗಪ್ಪ ತಲೆ ಕೆರೆದುಕೊಂಡು, “ಮನೆಗೇ ವಾಪಸ್ ಕರ್ಕಂಡು ಹೋಗಾಣೇನವ್ವ?” ಎಂದ. ನಿಂಗಕ್ಕನೂ ಜುಂಜಮ್ಮನೂ ಒಟ್ಟಿಗೇ ಅವನ ಮೇಲೆ ಬಿದ್ದರು. ಆ ದಿನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

“ಗಾಡಿ ಕುಲುಕಿದ್ರೆ ದಾರೀಲೇ ಹೆರಿಗೆ ಆಗ್ತೈತೆ ಕಣಪ್ಪ!”

“ಮಡಿಲು ತುಂಬಿ ಹೊಸ್ತಿಲು ದಾಟಿಸಿದ ಬಸುರೀನ, ಕೂಸಿಲ್ದೆ ಅದೇ ಹೊಸ್ತಿಲಿಗೆ ತಿರುಗಿ ಕರ್ಕಂಡು ಬರ್ತಾರೇನೋ? ನಿನಗೆ ಬುದ್ಧಿ ಐತಾ? ಹೋಗು, ಸೌದೆ ತಗಂಬಾ.”

ಸೌದೆಗೆ ಹೋದ ಬೊಮ್ಮಲಿಂಗಪ್ಪ ಬಹಳ ಹೊತ್ತು ಬರಲಿಲ್ಲ. ಬಂದಾಗ ತಂದದ್ದು ಆಗಷ್ಟೇ ಕಡಿದ ಹಸಿ ಜಾಲಿ. ಒಲೆ ಹೊಗೆಯಾಡಿತು, ಜುಂಜಮ್ಮ ಕೆಮ್ಮಿದಳು, ಕಷಾಯ ಕುದಿಯಲೇ ಇಲ್ಲ. “ಇಷ್ಟು ವಯಸ್ಸಾದ್ರೂ ಒಣಗಿದ್ದು ಯಾವುದು ಹಸಿ ಯಾವುದು ಗೊತ್ತಾಗಲ್ವೇನೋ ನಿನಗೆ?” ಎಂದು ಅವ್ವ ಬೈಯುವಾಗ ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ. ಒಂದೇ ಒಂದು ಸಲ ಹೆಂಡತಿಯತ್ತ ಕಣ್ಣು ಹೊರಳಿಸಿದ. ಹಸಿ ಸೌದೆ ಬೇಕೆಂದೇ ತಂದದ್ದೆಂದು ಅಷ್ಟರಲ್ಲೇ ಸೂರಮ್ಮನಿಗೆ ಗೊತ್ತಾಯಿತು.

ಬಳ್ಳಾರಿ ಕಡೆಯಿಂದ ಉಪ್ಪು ಹೇರಿಕೊಂಡು ಚಳ್ಳಕೆರೆಗೆ ಹೋಗುತ್ತಿದ್ದ ಬಾಬು ಸಾಬ್ ಎಂಬ ಗಾಡಿಯವನು ತವರಿಗೆ ಸುದ್ದಿ ಮುಟ್ಟಿಸಿದ. ಮುಟ್ಟಿಸಿ ಸುಮ್ಮನಾಗಲಿಲ್ಲ. ಉಪ್ಪು ಇಳಿಸಿದವನೇ ಗಾದ್ರಪ್ಪನನ್ನೂ ಅವನ ಹೆಂಡತಿ ಯರ್ರಮ್ಮನನ್ನೂ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಮಾರನೇ ದಿನ ಹಿಂದಿರುಗಿದ.

ಗಾದ್ರಪ್ಪ ಮೀಸೆಯ ಮನುಷ್ಯ. ಆಡಿದ ಮಾತನ್ನು ಆಡಿದ ಹಾಗೆಯೇ ಹಿಡಿಯುವವನು. ಯಾರಾದರೂ ತಮಾಷೆಗೆ ಕೆರೆಗೆ ಹಾರು ಎಂದರೆ, ಯಾವ ಕೆರೆ ಎಂದು ಕೇಳುವವನು. ಮಗಳ ತಲೆ ಸವರಿ, ಕಣ್ಣೊರೆಸಿಕೊಂಡು, ಎದ್ದು ನಿಂತು ಅಂದ:

“ಬಾಬು ಸಾಬ್ರೆ, ಗಾಡಿಗೆ ಹುಲ್ಲು ದಪ್ಪಗೆ ಹಾಸ್ರಿ. ಮಗಳನ್ನ ಕರ್ಕಂಡು ಹೋಗ್ತೀನಿ.”

ನಿಂಗಕ್ಕ ಬಾಗಿಲಿಗೆ ಅಡ್ಡ ನಿಂತಳು. “ನಿಮ್ಮ ಮಗಳು ಚಳ್ಳಕೆರೆ ಮುಟ್ತಾಳೆ, ಮೊಮ್ಮಗು ಮುಟ್ಟಲ್ಲ.”

“ಅದೆಂಗಾಗ್ತೈತೆ? ಚೊಚ್ಚಲು ಹೆರಿಗೆ ತವರಿನ ಜಂತೆ ಕೆಳಗೇ ಆಗ್ಬೇಕು. ನಮ್ಮವ್ವ, ನಮ್ಮಕ್ಕ, ನಮ್ಮ ಚಿಕ್ಕವ್ವ, ಎಲ್ರೂ ನಮ್ಮನೆ ಅಡುಗೆಮನೆ ಜಂತೆ ನೋಡ್ಕಂಡೇ ಹೆತ್ತಿರೋದು. ನನ್ನ ಮಗಳು ಕುರಿ ಕೊಟ್ಟಿಗೇಲಿ ಹೆತ್ತಳು ಅಂದ್ರೆ ನಾನು ಊರಾಗೆ ಹೆಂಗೆ ತಲೆಯೆತ್ತಲಿ?”

“ಕುರಿ ಕೊಟ್ಟಿಗೆ ಅಲ್ಲ, ಮಗ್ಗದ ಕೊಟ್ಟಿಗೆ,” ಎಂದಳು ನಿಂಗಕ್ಕ ಖಾರವಾಗಿ.

ಯರ್ರಮ್ಮ ಗಂಡನ ಪಂಚೆಯ ಅಂಚು ಹಿಡಿದು ಜಗ್ಗುತ್ತಿದ್ದಳು. ಹೊರಗೆ ಜುಂಜಮ್ಮ ತಾನೇ ಆರಿಸಿ ತಂದ ಒಣ ಸೌದೆಯಲ್ಲಿ ಒಲೆ ಹಚ್ಚುತ್ತಿದ್ದಳು. ಮೆಣಸು ಜಜ್ಜುವ ಸದ್ದು ಕೇಳಿಸುತ್ತಿತ್ತು.

ಸೂರಮ್ಮ ಮಲಗಿದ್ದಲ್ಲೇ ಎರಡನ್ನೂ ಕೇಳಿಸಿಕೊಂಡಳು. ಈ ಕಡೆ ಗಾಡಿ, ಆ ಕಡೆ ಕಷಾಯ. ಇಬ್ಬರಿಗೂ ತನ್ನ ಮೇಲೆ ಪ್ರೀತಿಯೇ. ಇಬ್ಬರಲ್ಲಿ ಯಾರು ಗೆದ್ದರೂ ಕೂಸು ಸೋಲುತ್ತಿತ್ತು. ಅವಳು ಮೇಲಿನ ತೂತು ಮಾಡನ್ನು ನೋಡಿದಳು. ತವರಿನ ಜಂತೆಗಳು ನೆನಪಾದವು, ಹೊಗೆ ಹಿಡಿದು ಮಿರಮಿರ ಮಿಂಚುವ ಕರೀ ಜಂತೆಗಳು. ಅವುಗಳ ಕೆಳಗೆ ಕೂತು ಊಟ ಮಾಡುವಾಗ ಅತ್ತೆ ಎಷ್ಟು ಗತ್ತಿನಿಂದ ಇರುತ್ತಿದ್ದಳು! ಬೀಗತಿ ಎಂದರೆ ಬೀಗತಿ. ಒಂದು ಲೋಟ ಎತ್ತಿ ಇಡುತ್ತಿರಲಿಲ್ಲ, ಒಲೆಯ ಕಡೆ ತಲೆ ಹಾಕುತ್ತಿರಲಿಲ್ಲ…

ಸೂರಮ್ಮನ ಕಣ್ಣು ಅರಳಿತು.

“ಅಪ್ಪಯ್ಯ, ನಿನಗೆ ಬೇಕಾಗಿರೋದು ಚಳ್ಳಕೆರೆಯೋ, ಜಂತೆಯೋ?”

“ಜಂತೆ ಕಣವ್ವ. ಜಂತೆ ಕೆಳಗೆ ಆಗ್ಬೇಕು ಅಂತ…”

“ಹಂಗಾದ್ರೆ ಜಂತೇನೇ ಇಲ್ಲಿಗೆ ತಗಂಬಾ.”

ಬಾಬು ಸಾಬ್ ಗಹಗಹಿಸಿ ನಕ್ಕ. ನಿಂಗಕ್ಕನೂ ನಕ್ಕಳು. ಗಾದ್ರಪ್ಪ ಮಾತ್ರ ನಗಲಿಲ್ಲ. ಅವನ ಕೈ ಮೀಸೆಗೆ ಹೋಯಿತು. ಅದನ್ನು ಕಂಡ ಯರ್ರಮ್ಮ ಹಣೆ ಬಡಿದುಕೊಂಡಳು. “ಅಯ್ಯೋ ಸೂರಿ, ಈ ಮನುಷ್ಯಂಗೆ ಇಂಥ ಮಾತು ಹೇಳ್ಬ್ಯಾಡ ಕಣೇ! ಇವನು…”

ಅಷ್ಟರಲ್ಲಿ ಗಾದ್ರಪ್ಪ, “ಬಾಬು ಸಾಬ್ರೆ, ನಿಮ್ಮ ಗಾಡಿ ಉದ್ದ ಮರ ತಡೀತೈತಾ?” ಎಂದು ಕೇಳಿಯಾಗಿತ್ತು.

ಅವನು ಹಿಂದಿರುಗುವ ತನಕ ಯರ್ರಮ್ಮ ಮಗಳ ಪಕ್ಕ ಬಿಟ್ಟು ಕದಲಲಿಲ್ಲ. ಜುಂಜಮ್ಮ ಕಷಾಯದ ಬಟ್ಟಲು ಹಿಡಿದು ಬಂದಾಗಲೆಲ್ಲ ಸೂರಮ್ಮನಿಗೆ ಗಾಢ ನಿದ್ದೆ. ಮಲಗಿದ ಬಸುರಿಯನ್ನು ಎಬ್ಬಿಸಬಾರದು ಎಂಬುದನ್ನು ಜುಂಜಮ್ಮನೂ ಒಪ್ಪುತ್ತಿದ್ದಳು. ಬಟ್ಟಲು ಹೊರಗೆ ಹೋಗುತ್ತಿತ್ತು, ಆರುತ್ತಿತ್ತು, ಮತ್ತೆ ಬಿಸಿಯಾಗಿ ಬರುತ್ತಿತ್ತು. “ಇದೇನು ನಿದ್ದೆಯೋ! ಇಡೀ ಬಸುರಿನ ನಿದ್ದೇನ ಒಂದೇ ಸಲ ಮಾಡ್ತಾಳಲ್ಲ!” ಎಂದು ಅವಳು ಗೊಣಗಿದಳು.

ಮೂರನೇ ದಿನ ಬೆಳಿಗ್ಗೆ ದಾರಿಯ ಕೊನೆಯಲ್ಲಿ ಒಂದು ವಿಚಿತ್ರ ಕಾಣಿಸಿತು. ಗಾಡಿಯ ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡ ಕರೀ ಜಂತೆಗಳು. ಅವುಗಳ ಮೇಲೆ ಹುಲ್ಲಿನ ಹೊರೆ. ಹೊರೆಯ ತುದಿಯಲ್ಲಿ ದೇವರ ಉತ್ಸವಮೂರ್ತಿಯಂತೆ ಗಾದ್ರಪ್ಪ.

“ಯಾವ ಜಂತೆ ತಂದೆ?” ಎಂದು ಯರ್ರಮ್ಮ ಓಡಿದಳು. “ಪಡಸಾಲೇದಾ? ಕೊಟ್ಟಿಗೇದಾ?”

“ಅಡುಗೆಮನೇದು.”

“ನನ್ನ ಅಡುಗೆಮನೇನಾ? ನಾನು ಎಲ್ಲಿ ಬೇಯಿಸ್ಲಿ, ನಿನ್ನ ಮೀಸೆ ಮ್ಯಾಲಾ?”

“ಬ್ಯಾಸಿಗೆ ಕಣೆ. ಆಕಾಶ ನೋಡ್ಕಂಡು ಬೇಯ್ಸು.”

ಕೊಟ್ಟಿಗೆಗೆ ಮಾಡು ಹೊದಿಸುವ ಕೆಲಸ ಶುರುವಾಯಿತು. ಬಸುರಿಯ ಗಂಡ ಮಾಡು ಹೊದಿಸಬಾರದು, ಗೂಟ ಹೊಡೆಯಬಾರದು. ಹಾಗಾಗಿ ಬೊಮ್ಮಲಿಂಗಪ್ಪನ ಕೈಗೆ ಮುದ್ದೆ ಕೋಲು ಬಂತು. ಬಡಿಯುವ ಸದ್ದು ಆಗಬಾರದೆಂದು ನಿಂಗಕ್ಕ ಹೇಳಿದ್ದರಿಂದ ಗಾದ್ರಪ್ಪ, ಬಾಬು ಸಾಬ್ ಇಬ್ಬರೂ ಜಂತೆಗಳನ್ನು ಕತ್ತಾಳೆ ಹಗ್ಗದಲ್ಲೇ ಬಿಗಿದರು. ಅದಕ್ಕೂ ಮುಂಚೆ ನಿಂಗಕ್ಕ ಇನ್ನೊಂದು ಆಜ್ಞೆ ಮಾಡಿದ್ದಳು: ಜಂತೆಗೆ ಹಿಡಿದ ಇಲ್ಲಣವನ್ನೆಲ್ಲ ತಿಕ್ಕಿ ತೊಳೆಯಬೇಕು, ಬಸುರಿಯ ಮೇಲೆ ಒಲೆಯ ಮಸಿ ಉದುರಬಾರದು. ಗಾದ್ರಪ್ಪ ತಿಕ್ಕಿದ. ಒಂದೇ ಒಂದು ಜಂತೆಯ ಬೆನ್ನನ್ನು ಮಾತ್ರ ತಿಕ್ಕದೆ, ಯಾರಿಗೂ ಕಾಣದಂತೆ ಮೇಲ್ಮುಖ ಮಾಡಿ ಕಟ್ಟಿಸಿದ. “ತವರಿನ ಹೊಗೆ ಒಂಚೂರಾದ್ರೂ ಇರ್ಬ್ಯಾಡ್ವಾ ಸಾಬ್ರೆ?” ಎಂದು ಬಾಬು ಸಾಬನ ಕಿವಿಯಲ್ಲಿ ಹೇಳಿದ.

ಜಂತೆಗಳು ಕೊಟ್ಟಿಗೆಗಿಂತ ಉದ್ದ. ಕತ್ತರಿಸಲು ಗಾದ್ರಪ್ಪ ಒಪ್ಪಲಿಲ್ಲ. ಹಾಗಾಗಿ ಅವು ಗೋಡೆಯಾಚೆ ಟಗರಿನ ಕೊಂಬಿನಂತೆ ಚಾಚಿಕೊಂಡು, ಮೇಲೆ ಹುಲ್ಲು ಹರಡಿದ ಮೇಲೆ ಬಾಗಿಲ ಮುಂದೆ ಒಂದು ಒಳ್ಳೆಯ ಚಪ್ಪರವೇ ಆಯಿತು. ಕೆಲಸ ಮುಗಿದಾಗ ಬೊಮ್ಮಲಿಂಗಪ್ಪ ಮುದ್ದೆ ಬಡಿಸಿದ. ಬಾಬು ಸಾಬ್ ಮುರಿಯಲು ನೋಡಿದ, ತಿರುಗಿಸಿ ನೋಡಿದ.

“ಅರೆ ಭಾಯ್, ಇದು ಮುದ್ದೆಯೋ ಗಾಡಿ ಚಕ್ರದ ಗುಂಬವೋ?”

ಕೊಟ್ಟಿಗೆಯೊಳಗಿಂದ ಸೂರಮ್ಮನ ನಗು ಕೇಳಿಸಿತು. ಅದರ ಹಿಂದೆಯೇ ನಿಂಗಕ್ಕನ ಗದರಿಕೆ: “ನಗಿಸ್ಬ್ಯಾಡ್ರೋ ಅವಳನ್ನ, ನೀರು ಜಿನುಗ್ತೈತೆ!”

ಆಗ ಜುಂಜಮ್ಮ ಬಿಸಿ ಕಷಾಯದ ಬಟ್ಟಲು ಹಿಡಿದು, ಈ ಸಲ ಸೊಸೆ ಎಚ್ಚರವಾಗಿರುವುದನ್ನು ಖಾತ್ರಿ ಮಾಡಿಕೊಂಡು, ಒಳಗೆ ಕಾಲಿಟ್ಟಳು.

ಯರ್ರಮ್ಮ ಎದ್ದು ಸೆರಗು ಸರಿಮಾಡಿಕೊಂಡು ಎದುರು ಬಂದಳು. “ಬನ್ನಿ ಬೀಗತ್ಯಮ್ಮ, ಬನ್ನಿ. ನಮ್ಮನೆಗೆ ಬಂದೀರಿ. ಕಾಲಿಗೆ ನೀರು ಕೊಡ್ತೀನಿ, ಕಂಬಳಿ ಹಾಸ್ತೀನಿ, ಕೂತ್ಕಳ್ಳಿ.”

ಜುಂಜಮ್ಮ ಮೇಲೆ ನೋಡಿದಳು. ಗಾದ್ರಪ್ಪನ ಮನೆಯ ಜಂತೆಗಳು ಅವಳನ್ನು ಗುರುತು ಹಿಡಿದಂತೆ ಕೆಳಗೆ ನೋಡುತ್ತಿದ್ದವು. ಇವುಗಳ ಕೆಳಗೇ ಅವಳು ಮಗನ ಮದುವೆಯ ಊಟ ಉಂಡಿದ್ದಳು.

“ನಾನು… ಕಷಾಯ…”

“ಬೀಗರು ಒಲೆ ಮುಟ್ಟಿದ್ರೆ ನಮ್ಮ ಮಾನ ಏನಾಗ್ಬೇಕು? ಇನ್ನು ಮಗಳ ಬಾಣಂತನ ನಮ್ದು. ನಿಮಗ್ಯಾಕೆ ತೊಂದ್ರೆ? ಕೊಡ್ರಿ ಇತ್ಲಾಗೆ.” ಯರ್ರಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ, ಬಲು ಗೌರವದಿಂದ ಇಸಿದುಕೊಂಡು, ಹೊರಗೆ ಹೋಗಿ ಬೇವಿನ ಬುಡಕ್ಕೆ ಸುರಿದಳು.

ಜುಂಜಮ್ಮ ಸೊಸೆಯನ್ನು ನೋಡಿದಳು. ಸೊಸೆ ಕಂಬಳಿಯೊಳಗೆ ಮುಖ ಹುದುಗಿಸಿಕೊಂಡಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು. ಜುಂಜಮ್ಮನಿಗೆ ಎಲ್ಲವೂ ಅರ್ಥವಾಯಿತು. ಆದರೆ ಜೀವಮಾನವೆಲ್ಲ ಪದ್ಧತಿ ಪದ್ಧತಿ ಎಂದು ಊರನ್ನೇ ಆಳಿದವಳು ಈಗ ಯಾವ ಬಾಯಲ್ಲಿ ಇಲ್ಲ ಎನ್ನುವುದು? ಹಾಸಿದ ಕಂಬಳಿಯ ಮೇಲೆ ಕೂತಳು. ಕಾಲ ಮೇಲೆ ಕಾಲು ಹಾಕಿದಳು.

“ಹಂಗಾದ್ರೆ ಹೋಳಿಗೆ ಯಾವಾಗ?” ಎಂದಳು. “ಬೀಗರಿಗೆ ಮುದ್ದೆ ಇಕ್ತಾರೇನು, ಅದೂ ಇಂಥದ್ದು?”

ಆಮೇಲಿನ ದಿನಗಳು ಮಗ್ಗದ ಸದ್ದಿನಲ್ಲಿ ಕಳೆದವು. ನಿಂಗಕ್ಕ ಕೂತು ನೇಯುತ್ತಿದ್ದಳು; ಕರೀ ಕಂಬಳಿ ಬೆರಳು ಬೆರಳಾಗಿ ಬೆಳೆಯುತ್ತಿತ್ತು. ಸೂರಮ್ಮ ಎಡಮಗ್ಗುಲಾಗಿ ಮಲಗಿ ಅದನ್ನು ನೋಡುತ್ತ, ನೀನೂ ಹೀಗೇ ಬೆಳೆ, ಅವಸರ ಬೇಡ, ಎಂದು ಹೊಟ್ಟೆಗೆ ಹೇಳುತ್ತಿದ್ದಳು. ಮೊಳಕಾಲ್ಮೂರಿನ ಗುಡ್ಡಗಳು ಒಂದು ಕಾಲದಲ್ಲಿ ರಾಕ್ಷಸರ ಮಕ್ಕಳು ಆಡುತ್ತಿದ್ದ ಗಜ್ಜುಗದ ಕಲ್ಲುಗಳೆಂದೂ, ಆಟ ಅರ್ಧಕ್ಕೆ ಬಿಟ್ಟು ಓಡಿದ್ದರಿಂದ ಅಲ್ಲಲ್ಲೇ ಬಿದ್ದಿವೆಯೆಂದೂ ಕತೆ ಹೇಳುತ್ತಿದ್ದಳು. ಕತೆ ಚೆನ್ನಾಗಿದ್ದರೆ ಕೂಸು ಒದೆಯುತ್ತಿತ್ತು. ಬೊಮ್ಮಲಿಂಗಪ್ಪ ಹೊಲದ ಕೆಲಸ ಬಿಡುವಾದಾಗಲೆಲ್ಲ ಮೊಳಕಾಲ್ಮೂರಿನಿಂದ ಬಂದು, ಬಾಗಿಲಲ್ಲಿ ಕೂತು, “ಇವತ್ತು ಒದೀತಾ?” ಎಂದು ಕೇಳಿಕೊಂಡು ಹೋಗುತ್ತಿದ್ದ.

ಬೀಗತಿಯಾಗಿ ಕೂರುವುದು ಒಂದು ಹೊತ್ತಿಗೆ ಸೊಗಸು. ದಿನವಿಡೀ ಕೂರುವುದೆಂದರೆ ಜುಂಜಮ್ಮನಂಥವಳಿಗೆ ಶಿಕ್ಷೆ. ಅವಳು ಕೂತು ಕೂತು ಸಾಕಾಗಿ, ಜಂತೆಗಳ ನೆರಳು ಎಲ್ಲಿಗೆ ಮುಗಿಯುತ್ತದೆಂದು ನೋಡಿಕೊಂಡಳು. ನೆರಳಿನೊಳಗೆ ಇದ್ದರೆ ಬೀಗತಿ. ನೆರಳು ದಾಟಿದರೆ ಬಿ.ಜಿ. ಕೆರೆಯ ಬಯಲು. ಬಯಲಿನಲ್ಲಿ ಯಾರಿಗೆ ಯಾರು ಬೀಗರು? ಮಾರನೇ ದಿನದಿಂದ ಅವಳು ನೆರಳಿನಾಚೆ ಮೂರು ಕಲ್ಲು ಹೂಡಿ, ಹಂಡೆ ಇಟ್ಟು, ಸೂರಮ್ಮನ ಬಿಳೀ ಬಟ್ಟೆಗಳನ್ನು ತಾನೇ ಕುದಿಸತೊಡಗಿದಳು. ಕುದಿಸುವ ಮುಂಚೆ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡುವಳು, ಮೂಗಿನ ಹತ್ತಿರ ತರುವಳು, ಆಮೇಲೆ ಊರಿಗೆಲ್ಲ ಕೇಳುವಂತೆ ಸಾರುವಳು:

“ಎಳನೀರು ಇದ್ದಂಗೈತೆ!”

ದಾರಿಹೋಕರಿಗೆ ಏನೆಂದು ತಿಳಿಯದಿದ್ದರೂ ಖುಷಿಯಾಗುತ್ತಿತ್ತು. ಬಾಬು ಸಾಬ್ ಗಾಡಿಯ ಮೇಲಿಂದಲೇ, “ಆಜ್ ಭೀ ಎಳನೀರು?” ಎಂದು ಕೂಗಿ, ಹೌದೆಂದರೆ ಎತ್ತಿನ ಬೆನ್ನು ತಟ್ಟಿಕೊಂಡು ಹೋಗುತ್ತಿದ್ದ.

ಏಳು ಕಳೆದು ಎಂಟಕ್ಕೆ ಬಿದ್ದಾಗ ಜುಂಜಮ್ಮನ ದನಿ ಇಳಿಯಿತು. ಗೌರಸಮುದ್ರದ ಮಾರಮ್ಮನಿಗೆ ಸೀರೆಯ ಹರಕೆ ಹೊತ್ತಳು. ಕಷಾಯದ ಸುದ್ದಿ ಎತ್ತಲಿಲ್ಲ. ಎಂಟರಲ್ಲಿ ಕೂಸು ಬಾರದಿರಲಿ ಎಂಬುದು ಈಗ ಅವಳಿಗೇ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಸೂರಮ್ಮ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿದರೂ ಹೊರಗಿನಿಂದ ಕೂಗುವಳು: “ಮೆಲ್ಲಗೆ ಹೊರಳೇ! ಅಲ್ಲೇನು ಕಣ ತುಳಿಯೋ ಎತ್ತಾ ನೀನು?”

ಹಾಗೆ ಒಂದು ಬಿಸಿಲ ದಿನ, ಬಟ್ಟೆ ಎತ್ತಿ ಹಿಡಿದ ಜುಂಜಮ್ಮ ಏನೂ ಕೂಗಲಿಲ್ಲ.

ದಿನದ ಕೂಗು ಕೇಳಿಸದೆ ಯರ್ರಮ್ಮ ತಲೆಯೆತ್ತಿದಳು. ನಿಂಗಕ್ಕನ ಮಗ್ಗ ನಿಂತಿತು. ಜುಂಜಮ್ಮ ನೆರಳು, ಬಯಲು ಯಾವುದನ್ನೂ ನೋಡದೆ ಒಳಗೆ ಓಡಿಬಂದು ಸೊಸೆಯ ಹಣೆಯ ಮೇಲೆ ಕೈಯಿಟ್ಟಳು. ಬಟ್ಟೆಯ ಅಂಚಿನಲ್ಲಿ ತೆಳ್ಳನೆಯ ಹಸಿರು. ಹಣೆ ಬೆಚ್ಚಗಿತ್ತು.

“ನಿಂಗಕ್ಕ, ಇನ್ನು ಕಾಯಂಗಿಲ್ಲ.”

ನಿಂಗಕ್ಕ ಬಟ್ಟೆ ನೋಡಿದಳು, ಮೂಸಿದಳು. “ಇಲ್ಲ. ಇವತ್ತೇ ಆಗ್ಬೇಕು. ಜುಂಜಮ್ಮ, ನಿಮ್ಮ ಕಷಾಯ ಕಾಸ್ರಿ.”

ಜುಂಜಮ್ಮ ಯರ್ರಮ್ಮನನ್ನು ನೋಡಿದಳು. “ನಾನು ಬೀಗತಿ…”

“ಒಲೆ ನಿಮ್ದೇ ಕಣಮ್ಮ!” ಎಂದಳು ಯರ್ರಮ್ಮ. “ಕಾಸ್ರಿ ಬೇಗ!”

“ಅತ್ತೆ,” ಸೂರಮ್ಮ ಅವಳ ಕೈ ಹಿಡಿದಳು, “ಎಂಟೋ ಒಂಬತ್ತೋ?”

ಜುಂಜಮ್ಮ ಗತ್ತು ಬಿಡಲಿಲ್ಲ. “ಅಮಾಸೆಯಿಂದ ಎಣಿಸಿದ್ರೆ ಎಂಟು. ಹುಣ್ಣಿಮೆಯಿಂದ ಎಣಿಸಿದ್ರೆ ಒಂಬತ್ತು. ನಾವು ಯಾವತ್ತೂ ಹುಣ್ಣಿಮೆಯಿಂದ್ಲೇ ಎಣಿಸೋದು.”

ಕಷಾಯ ಇಳಿಯಿತು, ಬ್ಯಾನೆ ಏರಿತು. ಇಷ್ಟು ದಿನ ಮಲಗಿದ್ದವಳನ್ನು ಎಬ್ಬಿಸಿ ಕೂರಿಸಿ, ಜಂತೆಗೆ ಹಗ್ಗ ಇಳಿಬಿಟ್ಟು ಕೈಗೆ ಕೊಟ್ಟರು. ಅವಳ ಬೆನ್ನಿಗೆ ಒಂದು ಕಡೆ ಅವ್ವ, ಇನ್ನೊಂದು ಕಡೆ ಅತ್ತೆ. ಹೊರಗೆ ಸುದ್ದಿ ತಿಳಿದು ಬಂದಿದ್ದ ಬೊಮ್ಮಲಿಂಗಪ್ಪ ಏನು ಮಾಡಲೂ ತೋಚದೆ ಹಸಿ ಸೌದೆಯನ್ನೇ ಸೀಳುತ್ತಿದ್ದ. ಗಾದ್ರಪ್ಪ ಗೋಡೆಯಾಚೆ ಚಾಚಿದ ಜಂತೆಯ ತುದಿಗೆ ಜೋತುಬಿದ್ದು ಕಣ್ಣು ಮುಚ್ಚಿಕೊಂಡಿದ್ದ.

ಬಿಸಿಲು ಓರೆಯಾಗುವ ಹೊತ್ತಿಗೆ ಕೂಸು ಬಂತು. ಹೆಣ್ಣು. ಎರಡು ಅಂಗೈ ಜೋಡಿಸಿದರೆ ತುಂಬುವಷ್ಟೇ. ಕೈಕಾಲು ಇದ್ದವು, ಉಗುರಿತ್ತು, ಕೂದಲಿತ್ತು. ಸದ್ದು ಮಾತ್ರ ಇರಲಿಲ್ಲ.

ನಿಂಗಕ್ಕ ಬಟ್ಟೆ ಸುತ್ತಿದ ಬೆರಳಿನಿಂದ ಅದರ ಬಾಯಿ ಒರೆಸಿದಳು. ಉಣ್ಣೆಯ ಮುದ್ದೆಯಿಂದ ಬೆನ್ನು ಉಜ್ಜಿದಳು. ಕಾಲು ಹಿಡಿದು ಅಂಗಾಲು ತಿಕ್ಕಿದಳು. ಯಾರೂ ಉಸಿರಾಡಲಿಲ್ಲ, ಕೂಸೂ ಉಸಿರಾಡಲಿಲ್ಲ. ಸೂರಮ್ಮ ಒಣಗಿದ ತುಟಿಯಲ್ಲಿ, “ಈಗ ಬಾ. ಈಗ ಬರ್ಬೋದು,” ಎಂದಳು.

ಹೊರಗೆ, ಆ ಮೌನ ತಡೆಯಲಾಗದೆ, ಗಾದ್ರಪ್ಪ ಎರಡೂ ಕೈಯಲ್ಲಿ ಜಂತೆಯನ್ನು ಹಿಡಿದು ಅಲ್ಲಾಡಿಸಿಬಿಟ್ಟ. ಇಡೀ ಮಾಡು ಗಡಗಡ ಎಂದಿತು. ತಿಕ್ಕದೆ ಬಿಟ್ಟಿದ್ದ ಆ ಒಂದು ಜಂತೆಯಿಂದ, ತವರಿನ ಎಷ್ಟೋ ವರ್ಷದ ಅಡುಗೆಯ ಮಸಿ, ಒಂದು ಚಿಟಿಕೆ, ಬಿಸಿಲಿನ ಕೋಲಿನಲ್ಲಿ ತೇಲಿಕೊಂಡು ಕೆಳಗಿಳಿಯಿತು.

“ಯಾವನ್ಲೇ ಅದು ಮಾಡು ಅಲ್ಲಾಡ್ಸೋನು!” ಎಂದು ನಿಂಗಕ್ಕ ಕಿರುಚಿದಳು.

ಕೂಸು ಸೀನಿತು.

ಸೀನಿ, ತಾನೇ ಬೆಚ್ಚಿ, ಬಾಯಿ ತೆರೆದು, ಎಳೇ ಕುರಿಮರಿಯ ದನಿಯಲ್ಲಿ ಅತ್ತಿತು. ಒಳಗಿದ್ದ ನಾಲ್ವರು ಹೆಂಗಸರೂ ಒಟ್ಟಿಗೇ ಅತ್ತರು, ಒಟ್ಟಿಗೇ ನಕ್ಕರು. ಹೊರಗೆ ಬೊಮ್ಮಲಿಂಗಪ್ಪನ ಕೊಡಲಿ ಕೆಳಗೆ ಬಿದ್ದ ಸದ್ದಾಯಿತು.

ಆ ಸೀನು ಯಾರದ್ದು ಎಂಬ ಜಗಳ ಮಾತ್ರ ಕೊನೆಯ ತನಕ ಮುಗಿಯಲಿಲ್ಲ. ತನ್ನ ಕೈಯ ಉಜ್ಜುವಿಕೆಯದು ಎಂದು ನಿಂಗಕ್ಕ, ತನ್ನ ಕಷಾಯದ ಮೆಣಸಿನ ಘಾಟಿನದು ಎಂದು ಜುಂಜಮ್ಮ, ತನ್ನ ಜಂತೆಯದು ಎಂದು ಗಾದ್ರಪ್ಪ.

ಮೊದಲ ದಿನಗಳಲ್ಲಿ ಕೂಸು ಅವ್ವನ ಎದೆಗೆ ಅಂಟಿಕೊಂಡೇ ಇರುತ್ತಿತ್ತು. ಅವ್ವ ಉಣ್ಣುವಾಗ ಮಾತ್ರ, ಬಿಸಿಲಿಗೆ ಹಾಕಿ ಹಿಂಜಿದ ಎಳೇ ಉಣ್ಣೆ ತುಂಬಿದ ಬುಟ್ಟಿಯಲ್ಲಿ, ಮೂಗಿನ ತುದಿಯಷ್ಟೇ ಕಾಣುವಂತೆ ಮಲಗುತ್ತಿತ್ತು. ಚೀಪಲು ಶಕ್ತಿ ಬರುವ ತನಕ ಎದೆಹಾಲನ್ನು ಹತ್ತಿಯ ಬತ್ತಿಯಿಂದ ಹನಿ ಹನಿಯಾಗಿ ನಾಲಿಗೆಗೆ ಬಿಟ್ಟರು. ಸೂರಮ್ಮನ ಮೈಬಿಸಿ ಇಳಿಯಿತು. ಕೂಸಿನ ಕೆನ್ನೆ ಏರಿತು. ರಂಗಕ್ಕ ಎಂದು ಹೆಸರಿಟ್ಟರು. ನನಗೆ ಈ ಕತೆಯನ್ನು, ಹೊಟ್ಟೆಯೊಳಗಿಂದಲೇ ಎಲ್ಲ ಕೇಳಿಸಿಕೊಂಡವಳ ಹಾಗೆ, ಯಾರು ಯಾರನ್ನು ಏನೆಂದು ಬೈದರು ಎಂಬುದರ ಸಮೇತ ಹೇಳಿದ ನನ್ನಜ್ಜಿ ಅವಳೇ.

ಕೊನೆಗೂ ಅವರು ಚಳ್ಳಕೆರೆಗೆ ಹೊರಟ ದಿನ ಆಕಾಶದಲ್ಲಿ ಭರಣಿ ಮಳೆಯ ಮೋಡವಿತ್ತು. ಮುಂದೆ ಬಾಬು ಸಾಬನ ಗಾಡಿಯಲ್ಲಿ ಜಂತೆಗಳು, ಹಿಂದೆ ಬೊಮ್ಮಲಿಂಗಪ್ಪನ ಗಾಡಿಯಲ್ಲಿ ತಾಯಿ, ಮಗು, ಎರಡೂ ಕಡೆಯ ಅಜ್ಜಿಯರು. ಕೂಸಿನ ಮೈಮೇಲೆ ನಿಂಗಕ್ಕ ಆಗಷ್ಟೇ ಮಗ್ಗದಿಂದ ಇಳಿಸಿದ ಕರೀ ಕಂಬಳಿ. ಊರು ಮುಟ್ಟುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಮಾಡಿಲ್ಲದ ಅಡುಗೆಮನೆಯ ನಟ್ಟನಡುವೆ, ಒಲೆಯ ಮೇಲೆ, ಮಸಾಲೆ ಡಬ್ಬಿಗಳ ಮೇಲೆ ದಪ್ಪ ದಪ್ಪ ಹನಿಗಳು ಬಿದ್ದು ಕುಣಿಯುತ್ತಿದ್ದವು. ಯರ್ರಮ್ಮ ಗಂಡನನ್ನು ಬೈಯಲು ಬಾಯಿ ತೆರೆದವಳು ಮಳೆಗೆ ನೆನೆದು ನಕ್ಕುಬಿಟ್ಟಳು.

ಬೊಮ್ಮಲಿಂಗಪ್ಪ ಪಂಚೆ ಎತ್ತಿ ಕಟ್ಟಿದ. ಈಗ ಅವನು ಬಸುರಿಯ ಗಂಡನಲ್ಲ. “ಮಾವ, ಹಗ್ಗ ಕೊಡ್ರಿ!” ಎಂದು ಎಲ್ಲರಿಗಿಂತ ಮುಂಚೆ ಗೋಡೆ ಹತ್ತಿದ.

“ಬೀಗತ್ಯಮ್ಮ, ನೀವು ಪಡಸಾಲೇಲಿ ಕೂತ್ಕಳ್ಳಿ,” ಎಂದಳು ಯರ್ರಮ್ಮ. “ಹೋಳಿಗೆ ಸ್ವಲ್ಪ ತಡ ಆಗ್ತೈತೆ.”

ಜುಂಜಮ್ಮ ಮೊಮ್ಮಗಳನ್ನು ಕಂಬಳಿ ಸಮೇತ ಸೂರಮ್ಮನ ಕೈಗಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಮೋಡ, ಮಳೆ, ಗೋಡೆಯ ಮೇಲೆ ಮಗನ ಎರಡು ಕಾಲು. ಜಂತೆ ಒಂದೂ ಇರಲಿಲ್ಲ.

“ಯಾವ ಬೀಗತಿ?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಹೋಗಿ ಒಲೆಯ ಮುಂದೆ ಕೂತಳು. “ಬ್ಯಾಳೆ ಎಲ್ಲೈತೆ, ತಗಂಬಾ. ಅವರು ಮಾಡು ಕಟ್ಟೋದ್ರೊಳಗೆ ಬೇಯಿಸ್ಬಿಡಾಣ.”